ಮನಸ್ಸಿನ ಕಾಯಿಲೆಯ ವೆಚ್ಚವನ್ನು ಹೊರತಕ್ಕವರಾರು?

ಮೈಯ ಕಾಯಿಲೆ ಬಂದ ಮನೆಗೆ ನೆಂಟರಿಷ್ಟರು ಬಂದು ವಿಚಾರಿಸಿಕೊಂಡು ಹೋಗುವರು. ಕೈಯಲ್ಲಿದ್ದಷ್ಟನ್ನು ಕೊಟ್ಟೂ ಹೋಗುವರು. ಮನಸ್ಸಿನ ಕಾಯಿಲೆ ಬಂದ ಮನೆಗೆ ಹಾಗೆ ಬರುವವರು ವಿರಳ. ಬಂದರೂ ಬಾಯಿಬಿಟ್ಟು ಕೇಳುವುದಿಲ್ಲ. ಮನೆಯವರೂ ಹೇಳಿಕೊಳ್ಳುವುದಿಲ್ಲ. ಮಗಳ ಸಂಬಂಧ ತಪ್ಪಿಹೋದೀತು, ಊರಿನಲ್ಲಿ ಹೆಸರು ಕೆಟ್ಟೀತು ಎಂಬ ಅಂಜಿಕೆಯಿಂದ ಕಷ್ಟವನ್ನು ಒಳಗೇ ನುಂಗಿಕೊಳ್ಳುವರು. ಹೀಗೆ ಬಚ್ಚಿಟ್ಟ ಕಷ್ಟಕ್ಕೆ ಬಚ್ಚಿಟ್ಟ ಖರ್ಚೂ ಒಂದುಂಟು. ಆ ಖರ್ಚಿನ ಲೆಕ್ಕವನ್ನು ಬಹಿರಂಗವಾಗಿ ಹಾಕಿ, ಅದನ್ನು ನ್ಯಾಯವಾಗಿ ಹೊರತಕ್ಕವರು ಯಾರೆಂಬುದನ್ನು ವಿಚಾರಮಾಡುವುದು ಇಂದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇವು ಹಿಂದುಳಿದ ಕಾಡುಸೀಮೆಗಳಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಕಾವೇರಿಯ ನಾಲೆಗಳು ಹರಿಯುತ್ತವೆ. ಕಬ್ಬು, ಬತ್ತ ಬೆಳೆಯುತ್ತವೆ. ಆಲೆಮನೆಗಳ ಹೊಗೆ ಕಾಣುತ್ತದೆ. ಕೃಷ್ಣರಾಜಪೇಟೆಗೆ ಹೇಮಾವತಿಯ ನೀರು ಅಷ್ಟಿಷ್ಟು ಬಂದಿದೆ. ನಾಗಮಂಗಲದ ಬಹುಭಾಗ ಮಾತ್ರ ಇಂದಿಗೂ ಮಳೆಯನ್ನೇ ನಂಬಿದ ರಾಗಿ, ಹುರುಳಿ, ತೆಂಗಿನ ಸೀಮೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 18 ಲಕ್ಷ. ಅದರಲ್ಲಿ ಈ ನಾಲ್ಕು ತಾಲ್ಲೂಕುಗಳ ಪಾಲು 8 ಲಕ್ಷದ ಆಸುಪಾಸು. ವೈದ್ಯಶಿಕ್ಷಣದ ದೊಡ್ಡ ಸಂಸ್ಥೆಗಳಿಗೂ ಸುತ್ತಮುತ್ತ ಕೊರತೆಯಿಲ್ಲ. ಮಂಡ್ಯದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯು ಶ್ರೀರಂಗಪಟ್ಟಣಕ್ಕೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತೂ ದೇಶಕ್ಕೇ ಹೆಸರಾದುದು. ಇಷ್ಟೆಲ್ಲ ಇದ್ದೂ ಬಡವನ ಮನೆಗೆ ಮನೋರೋಗದ ಚಿಕಿತ್ಸೆ ಏಕೆ ಇಷ್ಟು ದುಬಾರಿಯಾಗಬೇಕು?

ಮೊದಲು ರೋಗದ ವ್ಯಾಪ್ತಿಯನ್ನು ನೋಡೋಣ. 2015–16ರಲ್ಲಿ ನಿಮ್ಹಾನ್ಸ್ ಸಂಸ್ಥೆಯವರು 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದರು. ಆ ಹನ್ನೆರಡರಲ್ಲಿ ಕರ್ನಾಟಕ ಸೇರಿರಲಿಲ್ಲ. ನೆರೆಯ ತಮಿಳುನಾಡು, ಕೇರಳಗಳು ಸೇರಿದ್ದವು. ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಆಗ ಯಾವುದಾದರೊಂದು ಮಾನಸಿಕ ತೊಂದರೆಯಿಂದ ನರಳುತ್ತಿದ್ದರೆಂದೂ, ನೂರಕ್ಕೆ 0.8 ಮಂದಿ ತೀವ್ರ ಸ್ವರೂಪದ ರೋಗದಿಂದ ಪೀಡಿತರಾಗಿದ್ದರೆಂದೂ ಅದು ತಿಳಿಸಿತು. ಇದೇ ಪ್ರಮಾಣವನ್ನು ಈ ನಾಲ್ಕು ತಾಲ್ಲೂಕುಗಳಿಗೆ ಅನ್ವಯಿಸಿದರೆ ತೀವ್ರ ರೋಗಪೀಡಿತರೇ ನಾಲ್ಕೈದು ಸಾವಿರ ಮಂದಿ ಆಗುವರು. ಇಂಥವರಲ್ಲಿ ನಾಲ್ವರಿಗೆ ಮೂವರಂತೆ ಚಿಕಿತ್ಸೆಯಿಲ್ಲದೆ ಉಳಿಯುತ್ತಾರೆಂಬುದೂ ಆ ಸಮೀಕ್ಷೆಯ ಮಾತೇ. ಚಿಂತೆ, ಖಿನ್ನತೆಗಳಂತಹ ಸಾಮಾನ್ಯ ತೊಂದರೆಗಳಲ್ಲಿ ಚಿಕಿತ್ಸೆ ಕಾಣದವರು ನೂರಕ್ಕೆ 85.

ಇನ್ನು ಖರ್ಚಿನ ಮಾತು. ಚಿಕಿತ್ಸೆಗೂ ಪ್ರಯಾಣಕ್ಕೂ ಸೇರಿ ಒಂದು ಸಂಸಾರವು ತಿಂಗಳಿಗೆ 1,000ದಿಂದ 1,500 ರೂಪಾಯಿಗಳವರೆಗೆ ತನ್ನ ಕೈಯಿಂದ ತೆರುತ್ತಿದೆಯೆಂದು ಅದೇ ಸಮೀಕ್ಷೆ ಹೇಳಿತು. ಪೇಟೆಯಲ್ಲಿ ಸಂಬಳ ಎಣಿಸುವವನಿಗೆ ಇದು ಹೆಚ್ಚೆಂದು ತೋರಲಿಕ್ಕಿಲ್ಲ. ಆದರೆ 2015–16ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 204 ರೂಪಾಯಿ. ಅಂದರೆ ಕೂಲಿಯವನು ಪ್ರತಿ ತಿಂಗಳೂ ಐದರಿಂದ ಏಳು ದಿನದ ದುಡಿಮೆಯನ್ನು ಈ ಒಂದು ರೋಗಕ್ಕೆ ಎತ್ತಿಡಬೇಕಾಯಿತು. ಇದು ಒಂದು ಶಸ್ತ್ರಚಿಕಿತ್ಸೆಯಂತೆ ಒಮ್ಮೆ ತೆತ್ತು ಮುಗಿಸುವ ಖರ್ಚಲ್ಲ. ವರ್ಷಗಟ್ಟಲೆ, ಅನೇಕ ಸಂದರ್ಭಗಳಲ್ಲಿ ಜೀವಮಾನಪರ್ಯಂತ, ತಿಂಗಳು ತಿಂಗಳಿಗೂ ಬರುವ ಖರ್ಚು.

ಈ ಖರ್ಚು ಎಲ್ಲಿಂದ ಹುಟ್ಟುವುದೆಂಬುದನ್ನು ಬಿಡಿಸಿ ನೋಡಬೇಕು. ಸರ್ಕಾರಿ ಆಸ್ಪತ್ರೆಯ ಚೀಟಿಯ ಹಣ ಅತ್ಯಲ್ಪ. ವೈದ್ಯರ ಶುಲ್ಕ ಇಲ್ಲ. ಸಂಸಾರವನ್ನು ಸವೆಸುವುದು ಬೇರೆಯೇ. ಕೃಷ್ಣರಾಜಪೇಟೆಯಿಂದ ಮಂಡ್ಯಕ್ಕೆ ಸುಮಾರು 60 ಕಿಲೋಮೀಟರ್. ನಾಗಮಂಗಲದಿಂದ ಸುಮಾರು 40. ತಾಲ್ಲೂಕಿನ ಅಂಚಿನ ಹಳ್ಳಿಯವನಿಗೆ ಮೊದಲು ಪೇಟೆ ಸೇರಲು ಒಂದು ಬಸ್ಸು, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಇನ್ನೊಂದು. ಮನೋರೋಗಿಯು ಒಬ್ಬನೇ ಹೋಗಲಾರ. ಜೊತೆಗೆ ಅಣ್ಣನೋ ತಾಯಿಯೋ ಹೆಂಡತಿಯೋ ಹೋಗಬೇಕು. ರೋಗಿಗೆ ಆ ದಿನ ಹಠ ಬಂದು ಬಸ್ಸು ಹತ್ತದಿದ್ದರೆ ಆಟೋ ಮಾಡಬೇಕು. ಅಲ್ಲಿಗೆ ಇಬ್ಬರ ಒಂದು ದಿನದ ಕೂಲಿ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದುದು ಈ ವಿಷಯದಲ್ಲಿ ನಿಜವಾದ ಉಪಕಾರವೇ ಸರಿ; ಮಗನನ್ನು ಕರೆದೊಯ್ಯುವ ತಾಯಿಯ ಟಿಕೆಟ್ಟು ಉಳಿಯಿತು. ಆದರೆ ಆಕೆಯ ಕೂಲಿ ಉಳಿಯಲಿಲ್ಲ. ಮಗನ ಟಿಕೆಟ್ಟೂ ಉಳಿಯಲಿಲ್ಲ.

ಹೀಗೆ ಹೋದವರಿಗೆ ಎಲ್ಲ ಮಾತ್ರೆಗಳೂ ಒಳಗೆ ಸಿಕ್ಕಿದರೆ ಒಳ್ಳೆಯದು. ಸಿಕ್ಕದಿದ್ದರೆ ಹೊರಗಿನ ಅಂಗಡಿಯ ಚೀಟಿ. ಒಂದು ತಿಂಗಳು ಹಣ ಹೊಂದಿಸಿ ಕೊಳ್ಳುವರು; ಎರಡನೆಯ ತಿಂಗಳು ಕೈಸಾಲ ಮಾಡುವರು; ಮೂರನೆಯ ತಿಂಗಳು ಹದಿನೈದು ದಿನದ ಮಾತ್ರೆಯನ್ನು ತಿಂಗಳಿಗೆ ಹಂಚಿ ನುಂಗಿಸುವರು; ನಾಲ್ಕನೆಯ ತಿಂಗಳು ನಿಲ್ಲಿಸುವರು. ಮಾತ್ರೆ ನಿಂತೊಡನೆ ರೋಗ ಮರಳುವುದು. ಮರಳಿದ ರೋಗ ಹಿಂದಿಗಿಂತ ಉಗ್ರವಾಗಬಹುದು. ಆಗ ಹಗಲಿರುಳು ಕಾವಲು, ಬಾಡಿಗೆ ಕಾರು, ಬೆಂಗಳೂರಿನಲ್ಲಿ ವಾಸ, ಗಿರವಿಯಿಟ್ಟ ಓಲೆ. ಕೆಲವು ನೂರು ರೂಪಾಯಿಯ ಮಾತ್ರೆ ತಪ್ಪಿದ್ದಕ್ಕೆ ಹತ್ತಾರು ಸಾವಿರದ ದಂಡ! ಬಡವನ ಅಜ್ಞಾನವೇ ಇದಕ್ಕೆ ಕಾರಣವೆಂದು ಹೇಳುವುದು ಸುಲಭ. ಆದರೆ ಸರಬರಾಜು ತಪ್ಪಿದ ಕಡೆಯಲ್ಲಿ ರೋಗಿಯನ್ನು ದೂರುವುದು ನ್ಯಾಯವಲ್ಲ.

ಕಾನೂನು ಏನು ಹೇಳುತ್ತದೆ? 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರಿಂದ ಜಾರಿಗೆ ಬಂದಿರುವ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 18ನೆಯ ಪ್ರಕರಣವನ್ನು ನಮ್ಮ ವಾಚಕರು ಅವಶ್ಯವಾಗಿ ತಿಳಿದಿರತಕ್ಕದ್ದು. ಸರ್ಕಾರವು ನಡೆಸುವ ಅಥವಾ ಹಣ ಒದಗಿಸುವ ಸೇವೆಗಳಿಂದ ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಅದು ಸಾರುತ್ತದೆ. ಬಡತನದ ರೇಖೆಯ ಕೆಳಗಿನವರಿಗೆ, ಅವರ ಕೈಯಲ್ಲಿ ಕಾರ್ಡು ಇರಲಿ ಇಲ್ಲದಿರಲಿ, ಚಿಕಿತ್ಸೆಯು ಪೂರ್ಣವಾಗಿ ಉಚಿತ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಮದ್ದುಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಬಡವ ಬಲ್ಲಿದರೆಂಬ ಭೇದವಿಲ್ಲದೆ, ಸರ್ವಕಾಲದಲ್ಲಿಯೂ, ಹಣವಿಲ್ಲದೆ ದೊರೆಯತಕ್ಕದ್ದು. ಜಿಲ್ಲೆಯಲ್ಲಿ ಕನಿಷ್ಠ ಸೇವೆಗಳು ಇಲ್ಲದಿದ್ದರೆ, ಆ ಜಿಲ್ಲೆಯಲ್ಲಿಯೇ ಬೇರೆ ಕಡೆ ಪಡೆದ ಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸತಕ್ಕದ್ದು. ರೋಗಿಯನ್ನು ಸರಪಳಿಯಿಂದ ಬಿಗಿಯುವುದು ಅದೇ ಕಾಯಿದೆಯಂತೆ ನಿಷಿದ್ಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಸರಪಳಿಯಲ್ಲಿದ್ದ 28 ಮಂದಿ ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರೆಂಬುದನ್ನು ದೇಶವು ಮರೆಯಬಾರದು.

ಹೀಗಿರುವಾಗ ‘ಸರ್ಕಾರವು ದಯಮಾಡಿ ಔಷಧ ಕೊಡಲಿ’ ಎಂದು ನಾವು ಬೇಡುತ್ತಿಲ್ಲ. ಕೊಡಬೇಕೆಂದು ಪ್ರಜಾಪ್ರತಿನಿಧಿಗಳೇ ಶಾಸನ ಮಾಡಿರುವರು. ಆ ಶಾಸನವು ಕೃಷ್ಣರಾಜಪೇಟೆಯ ಔಷಧದ ಕಿಟಕಿಯವರೆಗೂ ತಲಪಿತೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲವೆಂಬುದು ನೆನಪಿಡತಕ್ಕ ವಿಷಯ. ಹಳೆಯ ಮೈಸೂರು ಸಂಸ್ಥಾನದ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೇ ಡಾಕ್ಟರ್ ಎಂ.ವಿ. ಗೋವಿಂದಸ್ವಾಮಿಯವರಂತಹವರ ಪರಿಶ್ರಮದಿಂದ ಬೆಳೆದು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೂ, 1974ರಲ್ಲಿ ಇಂದಿನ ನಿಮ್ಹಾನ್ಸ್‌ಗೂ ತಳಹದಿಯಾಯಿತು. ಆಸ್ಪತ್ರೆಯ ಗೋಡೆಯೊಳಗೆ ಕುಳಿತು ದೇಶದ ರೋಗಿಗಳನ್ನೆಲ್ಲ ನೋಡಲಾಗದೆಂದು ಮನಗಂಡು, 1970ರ ದಶಕದಲ್ಲಿಯೇ ಅಲ್ಲಿನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರವೊಂದನ್ನು ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸಾಮಾನ್ಯ ವೈದ್ಯರಿಗೂ ಮನೋರೋಗವನ್ನು ಗುರುತಿಸುವುದನ್ನು ಕಲಿಸಿದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದೇ ಕ್ರಮವನ್ನು ಇಡೀ ಜಿಲ್ಲೆಗೆ ಹಬ್ಬಿಸಿದರು. ಆ ‘ಬಳ್ಳಾರಿ ಮಾದರಿ’ಯನ್ನೇ ಕೇಂದ್ರ ಸರ್ಕಾರದವರು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಿಂದ ದೇಶಕ್ಕೆ ಅಳವಡಿಸಿದರು. ನಾಗಮಂಗಲದ ನೆರೆಯ ತುರುವೇಕೆರೆ ತಾಲ್ಲೂಕಿನಲ್ಲಿಯೂ, ಮಲೆನಾಡಿನ ತೀರ್ಥಹಳ್ಳಿಯಲ್ಲಿಯೂ ನಿಮ್ಹಾನ್ಸ್‌ನವರು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆಗೂಡಿಸಿಕೊಂಡು, ಚಿತ್ತವಿಕಲತೆಯ ರೋಗಿಗಳನ್ನು ಮನೆಮನೆಯಲ್ಲಿ ಹುಡುಕಿ, ಸಮೀಪದಲ್ಲಿಯೇ ಮದ್ದು ಕೊಟ್ಟು, ವರ್ಷಗಳ ಕಾಲ ಹಿಂಬಾಲಿಸಿ ನೋಡಿರುವರು. ಇಂತಹ ಕೆಲಸವು ಹಳ್ಳಿಯಲ್ಲಿ ಸಾಧ್ಯವೇ ಎಂಬ ಸಂಶಯಕ್ಕೆ ಪಕ್ಕದ ತಾಲ್ಲೂಕೇ ಉತ್ತರ ಹೇಳಿದೆ.

ರಾಜ್ಯ ಸರ್ಕಾರದವರು ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯವಾದೀತು. 2014ರಿಂದ ‘ಮನೋಚೈತನ್ಯ’ವೆಂಬ ಏರ್ಪಾಡಿನಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿ ರೋಗಿಗಳನ್ನು ನೋಡುವ ಪದ್ಧತಿಯನ್ನು ತಂದಿರುವರು. ಇದು ಉತ್ತಮ ಯೋಚನೆ. ರೋಗಿ ಜಿಲ್ಲೆಗೆ ಹೋಗುವುದಕ್ಕೆ ಬದಲು ತಜ್ಞನು ತಾಲ್ಲೂಕಿಗೆ ಬರುವನು. 2022ರ ಅಕ್ಟೋಬರ್ 10ರಂದು ಪ್ರಾರಂಭವಾದ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಫೋನು ಮಾಡಿದವರಿಗೆ ಕನ್ನಡದಲ್ಲಿಯೇ, ಹಣವಿಲ್ಲದೆ, ಯಾವ ಹೊತ್ತಿನಲ್ಲಿಯಾದರೂ ಸಲಹೆ ದೊರೆಯುವುದು. ಜೀವವೇ ಬೇಡವೆನ್ನಿಸುವಷ್ಟು ಮನಸ್ಸು ಕುಗ್ಗಿದವರೂ ಅವರ ಮನೆಯವರೂ ಈ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ. ಆದರೆ ಮಂಗಳವಾರ ಬಂದ ತಜ್ಞನು ಬರೆದ ಮದ್ದು ಬುಧವಾರದಿಂದ ಮುಂದಿನ ಭೇಟಿಯವರೆಗೆ ದೊರೆಯದಿದ್ದರೆ ಆ ಭೇಟಿಯಿಂದ ಪ್ರಯೋಜನವೇನು? ಫೋನಿನಲ್ಲಿ ಕೇಳಿದ ಸಮಾಧಾನದ ಮಾತು ಮಾತ್ರೆಯ ಸ್ಥಾನವನ್ನು ತುಂಬಲಾರದು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯೂ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ವೆಚ್ಚವನ್ನು ಕೊಡತಕ್ಕದ್ದು. ಮನೋರೋಗಿಯ ದೊಡ್ಡ ಖರ್ಚಾದರೋ ಆಸ್ಪತ್ರೆಗೆ ಸೇರದಂತೆ ಕಾಪಾಡುವ ತಿಂಗಳ ಮಾತ್ರೆಯದು. ಅದು ಆ ಲೆಕ್ಕದಿಂದ ಹೊರಗೇ ಉಳಿಯುತ್ತದೆ.

ಇಲ್ಲಿ ಎರಡು ಆಕ್ಷೇಪಣೆಗಳು ಬರುವುದುಂಟು. ದೇಶದಲ್ಲಿ ಮನೋವೈದ್ಯರೇ ಇಲ್ಲ, ಲಕ್ಷ ಜನಕ್ಕೆ ಒಬ್ಬನೂ ಪೂರ್ತಿಯಾಗಿಲ್ಲ, ಏನು ಮಾಡಲಾದೀತು ಎಂಬುದು ಮೊದಲನೆಯದು. ನಿಜ, ಆದರೆ ಸ್ಥಿರವಾದ ರೋಗಿಗೆ ಪ್ರತಿ ತಿಂಗಳೂ ತಜ್ಞನು ಬೇಕಿಲ್ಲ. ತಜ್ಞನು ಒಮ್ಮೆ ನಿರ್ಣಯಿಸಿದ ಮದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನು ಮುಂದುವರಿಸಬಹುದು; ತಿಂಗಳ ಚುಚ್ಚುಮದ್ದನ್ನು ದಾದಿಯು ಕೊಡಬಹುದು. ಬಳ್ಳಾರಿಯಲ್ಲಿ ಕಂಡುದು ಇದೇ. ಜನರು ದೇವರು, ಮಾಟ, ತಾಯತಗಳನ್ನು ನಂಬಿ ಆಸ್ಪತ್ರೆಗೆ ಬರುವುದಿಲ್ಲವೆಂಬುದು ಎರಡನೆಯದು. ಗಾಳಿ ಸೋಕಿತೆಂದು ಮೊದಲು ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗುವವರು ಉಂಟು, ನಾವು ಅಲ್ಲಗಳೆಯುವುದಿಲ್ಲ. ಹರಕೆ ಹೊತ್ತವನ ಭಕ್ತಿಯನ್ನು ಹೀಯಾಳಿಸುವುದರಿಂದ ಅವನು ಆಸ್ಪತ್ರೆಗೆ ಬರುವುದಿಲ್ಲ. ದೇವಸ್ಥಾನ ಊರಿನಲ್ಲಿಯೇ ಇದೆ, ಅಲ್ಲಿ ಬಾಗಿಲು ಮುಚ್ಚಿದೆ, ಮದ್ದು ಮುಗಿದಿದೆ, ಮುಂದಿನ ವಾರ ಬನ್ನಿ ಎಂದು ಹೇಳುವವರಿಲ್ಲ. ಆಸ್ಪತ್ರೆಯೂ ಅಷ್ಟೇ ಹತ್ತಿರವಾಗಿ ಅಷ್ಟೇ ನಂಬಿಕೆಗೆ ಯೋಗ್ಯವಾಗಲಿ. ಜನರು ಹರಕೆಯನ್ನೂ ತೀರಿಸುವರು, ಮಾತ್ರೆಯನ್ನೂ ನುಂಗುವರು.

ಇನ್ನೊಂದು ಎಚ್ಚರಿಕೆಯ ಮಾತನ್ನು ಹೇಳಬೇಕು. 2015ರಲ್ಲಿ ಕಬ್ಬಿನ ಬೆಲೆ ಕುಸಿದು, ಕಾರ್ಖಾನೆಗಳ ಬಾಕಿ ನಿಂತು, ಮಂಡ್ಯ ಸೀಮೆಯಲ್ಲಿ ರೈತರು ಒಬ್ಬರ ಮೇಲೊಬ್ಬರು ಪ್ರಾಣ ಕಳೆದುಕೊಂಡರು. ಆ ದುಃಖವನ್ನೆಲ್ಲ ಮನೋರೋಗವೆಂದು ಕರೆದು ಕೈತೊಳೆದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಸಾಲಕ್ಕೆ ಮದ್ದು ನ್ಯಾಯವಾದ ಬೆಲೆಯೇ ಹೊರತು ಮಾತ್ರೆಯಲ್ಲ. ಆದರೆ ಸಾಲವು ಮನಸ್ಸನ್ನು ಮುರಿಯುವಂತೆ ಮುರಿದ ಮನಸ್ಸೂ ಸಾಲವನ್ನು ತರುವುದು. ದುಡಿಯುವ ಮಗನು ಕಾಯಿಲೆ ಬಿದ್ದ ಮನೆಯಲ್ಲಿ ಬೆಳೆ ಹಾಳು, ಕಾಯುವವರ ಕೂಲಿ ಹಾಳು, ಚಿಕಿತ್ಸೆಯ ಖರ್ಚು ಬೇರೆ. ಆದುದರಿಂದ ಚಿಕಿತ್ಸೆಯ ವೆಚ್ಚವನ್ನು ಇಳಿಸುವುದು ರೈತನ ಸಾಲವನ್ನು ಇಳಿಸುವ ದಾರಿಗಳಲ್ಲಿ ಒಂದು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಮುದಾಯ ಆರೋಗ್ಯ ಕೇಂದ್ರದಲ್ಲಿಯೂ ಪಟ್ಟಿಯಲ್ಲಿರುವ ಮನೋರೋಗದ ಔಷಧಗಳು ಕನಿಷ್ಠ ಮೂರು ತಿಂಗಳಿಗಾಗುವಷ್ಟು ದಾಸ್ತಾನಿರಬೇಕು. ಯಾವ ಮದ್ದು ಎಷ್ಟಿದೆಯೆಂಬುದನ್ನು ಕನ್ನಡದಲ್ಲಿ ಬರೆದು ಹೊರಗಿನ ಹಲಗೆಯ ಮೇಲೆ ತೂಗುಹಾಕಬೇಕು. ಎರಡನೆಯದಾಗಿ, ಮದ್ದು ಮುಗಿದ ದಿನ ಆಸ್ಪತ್ರೆಯವರೇ ಹೊರಗಿನಿಂದ ಕೊಂಡು ಕೊಡಬೇಕೇ ಹೊರತು ರೋಗಿಯ ಕೈಗೆ ಚೀಟಿ ಕೊಡಬಾರದು. ಮೂರನೆಯದಾಗಿ, ಸ್ಥಿರವಾದ ರೋಗಿಗಳ ಹೆಸರನ್ನು ಅವರವರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಿ, ತಿಂಗಳ ಮದ್ದು ಅಲ್ಲಿಯೇ ಸಿಕ್ಕುವಂತೆ ಮಾಡಬೇಕು. ಒಂದು ತಿಂಗಳು ಬಾರದವನ ಮನೆಗೆ ಆಶಾ ಕಾರ್ಯಕರ್ತೆಯು ಹೋಗಿ ಗುಟ್ಟು ಕಾಯ್ದು ವಿಚಾರಿಸಬೇಕು, ಆ ಕೆಲಸಕ್ಕೆ ಆಕೆಗೆ ತಕ್ಕ ಪ್ರತಿಫಲವೂ ಸಲ್ಲಬೇಕು. ನಾಲ್ಕನೆಯದಾಗಿ, ಲಿಥಿಯಂ, ಕ್ಲೋಜಪಿನ್ ಮುಂತಾದ ಮದ್ದು ತೆಗೆದುಕೊಳ್ಳುವವರಿಗೆ ಬೇಕಾದ ರಕ್ತಪರೀಕ್ಷೆಗೆ ರೋಗಿಯು ನಗರಕ್ಕೆ ಹೋಗದಂತೆ, ರಕ್ತದ ಮಾದರಿಯೇ ತಾಲ್ಲೂಕಿನಿಂದ ಜಿಲ್ಲೆಗೆ ಹೋಗಬೇಕು. ಐದನೆಯದಾಗಿ, 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಮನೋರೋಗವನ್ನೂ ಅಂಗವೈಕಲ್ಯದಲ್ಲಿ ಸೇರಿಸಿದೆ. ಅದರ ಪ್ರಮಾಣಪತ್ರವನ್ನು ತಾಲ್ಲೂಕಿನಲ್ಲಿಯೇ, ಮಂಗಳವಾರದ ಭೇಟಿಯಲ್ಲಿಯೇ ಕೊಡಿಸುವ ಏರ್ಪಾಡಾಗಬೇಕು.

ಕೊನೆಯದಾಗಿ, ಲೆಕ್ಕ. ಎಷ್ಟು ರೋಗಿಗಳನ್ನು ನೋಡಿದೆವು, ಎಷ್ಟು ಶಿಬಿರ ನಡೆಸಿದೆವು ಎಂದು ಇಲಾಖೆಯವರು ವರದಿ ಬರೆಯುವರು. ಮನೆಯವರಿಗೆ ಎಷ್ಟು ಖರ್ಚಾಯಿತು, ಎಷ್ಟು ದಿನದ ಕೂಲಿ ಹೋಯಿತು, ಎಷ್ಟು ಸಾಲವಾಯಿತು ಎಂದು ಅವರು ಕೇಳಬೇಕು. ಜಿಲ್ಲಾಡಳಿತವು ವರ್ಷಕ್ಕೊಮ್ಮೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲವು ನೂರು ಸಂಸಾರಗಳನ್ನು, ಹೆಸರು ಹೊರಬೀಳದಂತೆ, ವಿಚಾರಿಸಿ ಆ ಅಂಕಿಗಳನ್ನು ಪ್ರಕಟಿಸಲಿ. ಸಂಸಾರದ ಕೈಯಿಂದ ಹೋಗುವ ಹಣ ವರ್ಷದಿಂದ ವರ್ಷಕ್ಕೆ ಇಳಿದರೆ ಕಾರ್ಯಕ್ರಮ ನಡೆಯುತ್ತಿದೆಯೆಂದು ಅರ್ಥ. ಇಳಿಯದಿದ್ದರೆ ಶಿಬಿರಗಳ ಭಾವಚಿತ್ರಗಳಿಂದ ಅದನ್ನು ಮುಚ್ಚಲಾಗದು.

ಇದಕ್ಕೆ ಹಣವೆಲ್ಲಿದೆಯೆಂದು ಕೇಳುವವರುಂಟು. ಕೇಂದ್ರದ ಆರೋಗ್ಯ ಆಯವ್ಯಯದಲ್ಲಿ ಮನಸ್ಸಿನ ಆರೋಗ್ಯಕ್ಕೆ ದೊರೆಯುವುದು ನೂರಕ್ಕೆ ಒಂದರ ಆಸುಪಾಸು. ನಾವು ಕೇಳುವುದು ಹೊಸ ಕಟ್ಟಡಗಳನ್ನಲ್ಲ. ಅನೇಕ ವರ್ಷಗಳಿಂದ ತಯಾರಾಗುತ್ತಿರುವ, ಸಗಟಾಗಿ ಕೊಂಡರೆ ಅಗ್ಗವಾದ ಮಾತ್ರೆಗಳನ್ನು. ರೋಗ ಮರಳಿದವನನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿಟ್ಟು ಸಾಕುವುದಕ್ಕಿಂತ ಅವನಿಗೆ ತಪ್ಪದೆ ಮಾತ್ರೆ ಕೊಡುವುದು ಸರ್ಕಾರದ ಬೊಕ್ಕಸಕ್ಕೂ ಲಾಭವೇ.

ಊರಿನ ಹಿರಿಯರಿಗೂ ಒಂದು ಮಾತು. ಸರ್ಕಾರವು ಮದ್ದು ಕೊಡಬಹುದು. ಮರ್ಯಾದೆಯನ್ನು ಕೊಡತಕ್ಕವರು ನೆರೆಯವರು. ಪಂಚಾಯತಿಯವರು, ಹಾಲಿನ ಸಂಘದವರು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ಶಾಲೆಯ ಉಪಾಧ್ಯಾಯರು ಇಂತಹ ಮನೆಯ ಬಾಗಿಲನ್ನು ತಟ್ಟಲಿ. ಆಸ್ಪತ್ರೆಗೆ ಹೋಗುವ ದಿನ ದನಕರುಗಳಿಗೆ ಮೇವು ಹಾಕುವಷ್ಟು ಉಪಕಾರ ಮಾಡಿದರೂ ಆ ಮನೆಯ ಒಂದು ದಿನದ ಕೂಲಿ ಉಳಿಯುವುದು. ಚಿಕಿತ್ಸೆಯಿಂದ ಗುಣ ಹೊಂದಿದವನಿಗೆ ಮತ್ತೆ ಗದ್ದೆಯಲ್ಲಿ, ಆಲೆಮನೆಯಲ್ಲಿ, ಅಂಗಡಿಯಲ್ಲಿ ಕೆಲಸ ಕೊಡುವುದೂ ಚಿಕಿತ್ಸೆಯ ಒಂದು ಭಾಗ.

1938ರಲ್ಲಿ ಇದೇ ಮಂಡ್ಯ ಸೀಮೆಯ ಶಿವಪುರದಲ್ಲಿ ಜನರು ನಿಷೇಧವನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನು ಹಾರಿಸಿದರು. ಆ ಧ್ವಜದ ಕೆಳಗೆ ಅವರು ಬಯಸಿದ ಸ್ವರಾಜ್ಯದಲ್ಲಿ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದ ಮನೋರೋಗಿಗೂ ಪಾಲಿದೆ. ಅವನು ಮೆರವಣಿಗೆ ಹೊರಡಲಾರನು, ಅರ್ಜಿ ಬರೆಯಲಾರನು, ಚುನಾವಣೆಯ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳಲಾರನು. ಅವನ ಪರವಾಗಿ ಅವನ ತಾಲ್ಲೂಕಿನ ಶಾಸಕರು ವಿಧಾನಸಭೆಯಲ್ಲಿಯೂ, ಅಧಿಕಾರಿಗಳು ತಮ್ಮ ಕಚೇರಿಯಲ್ಲಿಯೂ ಉತ್ತರ ಹೇಳತಕ್ಕವರು. ಕಾನೂನು ಕೊಡಬೇಕೆಂದ ಮದ್ದು ಈ ತಿಂಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲರಿಗೂ ಸಿಕ್ಕಿತೇ, ಇಲ್ಲವೇ? ಈ ಒಂದು ಪ್ರಶ್ನೆಗೆ ಪ್ರತಿ ತಿಂಗಳೂ ಸ್ಪಷ್ಟವಾದ ಉತ್ತರ ಬರಲಿ. ಬರುವವರೆಗೆ ನಾವು ಕೇಳುತ್ತಲೇ ಇರುವೆವು.